ಒಳಗೆ ಜನ ಉಂಟು

ರೈಲನ್ನು ಖಾಸಗಿಯವರಿಗೆ ಕೊಡಬೇಕೋ ಬೇಡವೋ ಎಂಬುದು ದೆಹಲಿಯಲ್ಲಿ ಯಾವಾಗ ತೀರ್ಮಾನವಾಯಿತೋ ಏನೋ, ವಾಮಂಜೂರಿನ ಇಲ್ಯಾಸನ ಜಗಲಿಯಲ್ಲಿ ಮಾತ್ರ ಇನ್ನೂ ಆಗಿರಲಿಲ್ಲ. ಸಂಜೆ ನಮಾಜು ಮುಗಿಸಿ ಇಲ್ಯಾಸ್ ಬಂದು ಕೂತದ್ದೇ ತಡ, ಎದುರುಮನೆಯ ಝೇವಿಯರ್ ಬನಿಯನ್ನಿನ ಮೇಲೊಂದು ಟವೆಲು ಹೊದ್ದು ಗೇಟು ತಳ್ಳಿಕೊಂಡು ಬರುವರು. ಇಲ್ಯಾಸ್ ಕೊಟ್ಟಾರದ ಒಂದು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಅಜ್ಜನ ಕಾಲಕ್ಕೆ ಅಂಗಡಿ ಅವರದ್ದೇ ಇತ್ತು. ಅಂಗಡಿ ಹೋದರೂ ವ್ಯಾಪಾರಿಯ ಗತ್ತು ಹೋಗಿರಲಿಲ್ಲ. ಝೇವಿಯರ್ ರೈಲಿನ ಅಂಚೆ ಡಬ್ಬಿಯೊಳಗೆ, ಓಡುವ ರೈಲಿನಲ್ಲೇ ನಿಂತು ಕಾಗದ ವಿಂಗಡಿಸಿ ನಿವೃತ್ತರಾದವರು. ತಿಂಗಳು ತಿಂಗಳು ಪೆನ್ಶನ್ ಬರುತ್ತಿತ್ತು. ಹಾಗಾಗಿ ಜಗಲಿಯಲ್ಲಿ ಒಬ್ಬ ಖಾಸಗಿ, ಒಬ್ಬರು ಸರಕಾರಿ.

“ಪ್ರೈವೇಟ್ ಆಗ್ಬೇಕು ಪೊರ್ಬುಗಳೇ, ಆಗ್ಲೇಬೇಕು,” ಎಂದು ಇಲ್ಯಾಸ್ ಶುರು ಮಾಡುವನು. ಕ್ರಿಶ್ಚನ್ ಹಿರಿಯರನ್ನು ಊರಿನಲ್ಲಿ ಹಾಗೆಯೇ ಕರೆಯುವುದು. “ಮೊನ್ನೆ ಕಾಸರಗೋಡಿಗೆ ರೈಲಲ್ಲಿ ಹೋಗಿದ್ದೆ. ಕ್ಲೀನಿಂಗ್ ಕಂಪೆನಿಗೆ ಕೊಟ್ಟ ಮೇಲೆ ಅದರ ಟಾಯ್ಲೆಟ್ ನೀವು ನೋಡ್ಬೇಕು. ಅಲ್ಲೇ ಎಲೆ ಹಾಕಿ ಊಟ ಬಡಿಸ್ಬಹುದು.”

“ಊಟ ನೀನೇ ಮಾಡು ಮಾರಾಯ. ನಾಳೆ ಅವ ಕಿಟಕಿಯ ಗಾಳಿಗೂ ಟಿಕೆಟ್ ಮಾಡ್ತಾನೆ, ಆಗ ನೋಡುವ. ನಮ್ಮ ಕಾಲದಲ್ಲಿ ಕಾಗದಕ್ಕೂ ಒಂದು ಡಬ್ಬಿ ಇತ್ತು, ಗೊತ್ತುಂಟಾ? ಕಾಗದಕ್ಕೆ! ಫ್ಯಾನ್ ಇತ್ತು, ಪಾಯಿಖಾನೆ ಇತ್ತು.”

“ಕಾಗದಕ್ಕೆ ಪಾಯಿಖಾನೆ ಯಾಕೆ?”

“ಕಾಗದಕ್ಕಲ್ಲ ಬೋದಾಳ, ನಮಗೆ!”

ಇಬ್ಬರೂ ನಗುವರು. ಝಹ್ರಾ ಚಹಾ ತಂದಿಡುವಳು. ಇಲ್ಯಾಸನ ಹೆಂಡತಿ. ಊಟ ಬಡಿಸಬಹುದಾದ ಆ ಟಾಯ್ಲೆಟ್ಟನ್ನು ಉಜ್ಜಿದವಳು. ಸರಕಾರ ನೇರವಾಗಿ ಕಂಟ್ರಾಕ್ಟ್ ಕೊಡುತ್ತಿದ್ದಾಗಲೂ ಉಜ್ಜಿದವಳು ಅವಳೇ, ಕಂಪೆನಿ ನಡುವೆ ಬಂದ ಮೇಲೂ ಉಜ್ಜುವವಳು ಅವಳೇ. ಕೈ ಅದೇ, ಸೊಂಟ ಅದೇ. ಬದಲಾದದ್ದು ಕೋಟಿನ ಬಣ್ಣ. ಮೊದಲು ಖಾಕಿ, ಈಗ ಗುಲಾಬಿ. ಜಗಲಿಯ ಇಬ್ಬರೂ ಅವಳಲ್ಲಿ ಒಂದು ಮಾತು ಕೇಳಿದವರಲ್ಲ. ಝೇವಿಯರಿಗೆ ಗೊತ್ತಿರಲಿಲ್ಲ. ಇಲ್ಯಾಸನಿಗೆ ಗೊತ್ತಿದ್ದೂ ಗೊತ್ತಿರಲಿಲ್ಲ.

ಏಕೆಂದರೆ ಊರಿಗೆಲ್ಲ ಅವನು ಹೇಳಿದ್ದು “ಮನೆಯವಳಿಗೆ ರೈಲ್ವೆಯಲ್ಲಿ ಕೆಲಸ” ಎಂದು. ಸುಳ್ಳಲ್ಲ. ಅಬುಧಾಬಿಯಲ್ಲಿರುವ ಅವನ ತಮ್ಮ ಊರಿಗೆ ಬಂದಾಗೆಲ್ಲ “ಅತ್ತಿಗೆ, ಒಂದು ಟಿಕೆಟ್ ಕನ್ಫರ್ಮ್ ಮಾಡಿಸಿ ಕೊಡಿ” ಎಂದು ಫೋನು ಮಾಡುತ್ತಿದ್ದ. ಝಹ್ರಾ “ನೋಡುವ, ಸಾಹೇಬರ ಹತ್ತಿರ ಹೇಳ್ತೇನೆ” ಎನ್ನುತ್ತಿದ್ದಳು. ಆಸಿಡ್ಡಿಗೆ ಬೆರಳ ಚರ್ಮ ಎದ್ದಿರುತ್ತಿತ್ತು. ಆ ಕೈಯಲ್ಲೇ ಫೋನು ಹಿಡಿದು ಹೇಳುತ್ತಿದ್ದಳು.

ಕೆಲಸ ಅಂದರೆ ಹೀಗೆ. ರಾತ್ರಿಯೆಲ್ಲ ಓಡಿದ ರೈಲು ಬೆಳಿಗ್ಗೆ ಯಾರ್ಡಿಗೆ ಬಂದು ನಿಲ್ಲುತ್ತದೆ. ಜನ ಇಳಿದು ಹೋಗಿರುತ್ತಾರೆ, ಅವರದ್ದು ಉಳಿದಿರುತ್ತದೆ. ಝಹ್ರಾ ಬುರ್ಖಾ ಬಿಚ್ಚಿ ಚೀಲಕ್ಕೆ ತುರುಕಿ, ಗುಲಾಬಿ ಕೋಟು ಹಾಕಿ, ಬ್ರಷ್ಷು ಹಿಡಿದು ಒಳಗೆ ಹೋಗುವಳು. ತುಂಬಿ ನಿಂತದ್ದು, ಗೋಡೆಗೆ ಹಾರಿದ್ದು, ವಾಂತಿ, ಪಾನಿನ ಉಗುಳು, ಮಗುವಿನ ಡಯಾಪರು. ಮೂಗಿಗೆ ಬಟ್ಟೆ ಕಟ್ಟಿದರೆ ಉಸಿರು ಕಟ್ಟುತ್ತದೆ, ಬಿಚ್ಚಿದರೆ ಹೊಟ್ಟೆ ತೊಳಸುತ್ತದೆ. ಮಂಡಿಯೂರಿ ಉಜ್ಜಬೇಕು. ಒಂದು ಮುಗಿದರೆ ಪಕ್ಕದ್ದು. ಒಂದು ಡಬ್ಬಿ ಮುಗಿದರೆ ಮುಂದಿನದ್ದು.

ತೊಳೆದಾದ ಮೇಲೆ ಕಮೋಡಿಗೆ ಅಡ್ಡವಾಗಿ ಒಂದು ಕಾಗದದ ಪಟ್ಟಿ ಅಂಟಿಸಬೇಕು. ‘ನಿಮಗಾಗಿ ಶುಚಿಗೊಳಿಸಲಾಗಿದೆ’ ಎಂದು ಅದರ ಮೇಲೆ ಚಂದದ ಅಕ್ಷರ. ಕಂಪೆನಿಯ ಹೆಸರು ‘ಸುಖಯಾನ’. ನಿಮಗಾಗಿ ಎಂದರೆ ಝಹ್ರಾಗಾಗಿ ಅಲ್ಲ. ಪಟ್ಟಿ ಹರಿದದ್ದು ಕಂಡರೆ ಆ ದಿನದ ಹಾಜರಿ ಹೋಯಿತು. ಪಟ್ಟಿ ಅಂಟಿಸುವ ಮೊದಲೇ ಹೋಗಿ ಬರೋಣವೆಂದರೆ ಅದಕ್ಕೂ ನಿಯಮ: ತೊಳೆಯುವಾಗ ಬಾಗಿಲಿಗೆ ಮರದ ತುಂಡು ಕೊಟ್ಟು ತೆರೆದೇ ಇಡಬೇಕು. ಬಾಗಿಲು ಹಾಕಿಕೊಂಡರೆ ಒಳಗೆ ಮಲಗುತ್ತಾರೆ, ನಲ್ಲಿ ಕದಿಯುತ್ತಾರೆ.

ಮೊದಲು ಹೀಗಿರಲಿಲ್ಲ. ಚೆನ್ನಾಗಿತ್ತು ಎಂದಲ್ಲ. ಯಾರ್ಡಿನ ಮೂಲೆಯಲ್ಲಿ, ಪ್ಲಾಟ್‌ಫಾರಮ್ಮಿಗೆ ತಾಗಿ, ಶೀಟು ಹೊದಿಸಿದ ಒಂದು ಪಾಯಿಖಾನೆ ಇತ್ತು. ಸರಕಾರದ್ದು. ಅದಕ್ಕೊಂದು ಬೀಗ. ಬೀಗದ ಕೀ ಮೇಸ್ತ್ರಿಯ ಸೊಂಟದಲ್ಲಿ. ಪರ್ಮನೆಂಟಿನವರಿಗೆ ಮಾತ್ರ. ಕಂಟ್ರಾಕ್ಟಿನ ಹೆಂಗಸರು ಹೋಗಿ ಎದುರು ನಿಂತರೆ ಅವನು ಕೇಳಿಸದವನ ಹಾಗೆ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿದ ಮೇಲೆ, ಅವನಿಗೆ ಮನಸ್ಸು ಬಂದರೆ, ಕೀ ಸಿಗುತ್ತಿತ್ತು. ಕಂಪೆನಿ ಬಂತು. ಬೀಗ ಒಡೆಯಿತು. ಹೆಂಗಸರು ಖುಷಿಪಟ್ಟರು. ಮರುದಿನ ಗೋಡೆಯನ್ನೂ ಒಡೆಯಿತು. ಅಲ್ಲೀಗ ಗಾಜಿನ ಕೋಣೆ, ಅತಿಥಿಗಳು ಕೂತು ಕಾಫಿ ಕುಡಿಯಲಿಕ್ಕೆ. ಪ್ರಯಾಣಿಕರನ್ನು ಈಗ ಅತಿಥಿಗಳು ಎನ್ನಬೇಕು. ಪ್ಲಾಟ್‌ಫಾರಮ್ಮಿನ ಪಾಯಿಖಾನೆಯೂ ಅತಿಥಿಗಳಿಗೇ, ಗುಲಾಬಿ ಕೋಟು ಕಂಡರೆ ಒಳಗೆ ಬಿಡುವುದಿಲ್ಲ.

ಹೆಂಗಸರು ಎಲ್ಲ ಸೇರಿ ಕೇಳಲಿಕ್ಕೆ ಹೋದರು. ಮೊದಲು ಇಲಾಖೆಯ ಸಾಹೇಬರ ಹತ್ತಿರ. ಬಹಳ ಮರ್ಯಾದಸ್ಥರು. ಕೂತ್ಕೊಳ್ಳಿ ಅಂದರು; ಕುರ್ಚಿ ಇರಲಿಲ್ಲ, ಅದು ಬೇರೆ ಮಾತು.

“ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ ಅಮ್ಮ. ಆದ್ರೆ ಶುಚಿತ್ವ ಈಗ ನಮ್ಮ ಕೈಯಲ್ಲಿಲ್ಲ. ಕಂಪೆನಿಯವರನ್ನು ಕೇಳಿ.”

ಕಂಪೆನಿಯವರು ಎಂದರೆ ಚೈತಾಲಿ ಮೇಡಂ. ಪುಣೆಯಿಂದ ಬಂದ, ಸಣ್ಣ ಪ್ರಾಯದ, ಕನ್ನಡವನ್ನು ಕಲಿತು ಮಾತಾಡುವ ಹುಡುಗಿ.

“ಜಾಗ ಇಲಾಖೆಯದು. ಅಲ್ಲಿ ಒಂದು ಇಟ್ಟಿಗೆ ಇಡಲಿಕ್ಕೂ ನಮಗೆ ಅಧಿಕಾರ ಇಲ್ಲ.”

“ಗಾಜಿನ ಕೋಣೆ ಇಟ್ಟಿದ್ದೀರಲ್ಲ ಮೇಡಂ?” ಎಂದಳು ಝಹ್ರಾ.

“ಅದು ಗೆಸ್ಟ್ ಎಕ್ಸ್‌ಪೀರಿಯೆನ್ಸ್. ನೀವು ನಮ್ಮ ಸ್ಟಾಫ್ ಕೂಡ ಅಲ್ಲ. ನಿಮ್ಮ ಕಂಟ್ರಾಕ್ಟರನ್ನು ಕೇಳಿ.”

ಕಂಟ್ರಾಕ್ಟರ್ ಎಲ್ಲಿರುತ್ತಾನೋ ಯಾರಿಗೂ ಗೊತ್ತಿರಲಿಲ್ಲ. ಅವನ ಕಡೆಯ ಸೂಪರ್‌ವೈಸರ್ ಪಿಯುಸ್ ಇದ್ದ. ಕೆಟ್ಟವನಲ್ಲ. ಹೆದರುಪುಕ್ಕಲ.

“ನಾನು ಆಳು ಕೊಡುವವ ಮಾತ್ರ ಝಹ್ರಾಕ್ಕ. ಆಳು ಕೊಡು ಅಂದಿದ್ದಾರೆ, ಕೊಟ್ಟಿದ್ದೇನೆ. ಆಳಿಗೆ ಬೇಕಾದದ್ದು ಕೊಡು ಅಂತ ಹೇಳ್ಲಿಲ್ಲ.”

ಬಾಗಲಕೋಟೆ ಕಡೆಯಿಂದ ಬಂದ ನೀಲವ್ವ ಹಳಿಯ ಪಕ್ಕದ ಜಲ್ಲಿಯ ಮೇಲೆ ಕುಕ್ಕರಿಸಿ ಲೆಕ್ಕ ಒಪ್ಪಿಸಿದಳು: “ಹಳಿ ಸರಕಾರದ್ದು. ಡಬ್ಬಿ ಕಂಪನೀದು. ನಾವು ಪೀಯೂಸಪ್ಪಂದು. ಉಚ್ಚಿ ಒಂದ ನಮ್ದು ನೋಡವ್ವಾ, ಅದನ್ನ ಯಾರೂ ಖರೀದಿ ಮಾಡವಲ್ರು. ನಮ್ಮೂರಾಗ ಬಯಲರೆ ಐತಿ. ಈ ನಿಮ್ಮ ಮಂಗಳೂರಾಗ ಅದೂ ಇಲ್ಲ.”

ನಕ್ಕರು. ನಕ್ಕರೆ ಜೋರಾಗಿ ಬರುತ್ತದೆ. ಕಾಲು ಒತ್ತಿಕೊಂಡು ನಕ್ಕರು.

ಉಪಾಯ ಒಂದೇ. ನೀರು ಕುಡಿಯಬಾರದು. ಬೆಳಿಗ್ಗೆ ಮನೆಯಿಂದ ಹೊರಟ ಮೇಲೆ ಗಂಟಲು ಒಣಗಿದರೂ ಒಂದು ಗುಟುಕು ಇಲ್ಲ. ಮಂಗಳೂರಿನ ಸೆಕೆಯಲ್ಲಿ, ಕಬ್ಬಿಣದ ಡಬ್ಬಿಯೊಳಗೆ, ಬೆವರಿನಲ್ಲಿ ಮಿಂದರೂ ಇಲ್ಲ. ನೀರಿನ ಪೈಪು ಕೈಯಲ್ಲೇ ಇರುತ್ತಿತ್ತು. ಕಮೋಡು ಬೇಕಾದಷ್ಟು ನೀರು ಕುಡಿಯುತ್ತಿತ್ತು.

ದೇರೆಬೈಲಿನ ಶರೊನ್ ಮೊದಲು ಬಿದ್ದಳು. ಎಲ್ಲರಿಗಿಂತ ಚಿಕ್ಕವಳು, ಬಾಯಿ ತುಂಬ ಮಾತು. ಉಜ್ಜುತ್ತ ಇದ್ದವಳು ಹಾಗೆಯೇ ಗೋಡೆಗೆ ಒರಗಿದಳು. ಮೈ ಕೆಂಡ. ಮೂತ್ರದಲ್ಲಿ ಉರಿ, ರಕ್ತ. ಡಾಕ್ಟರರು ಬೈದರಂತೆ.

“ಎಂತ ಹೇಳಿದ್ರು?” ಝಹ್ರಾ ಕೇಳಿದಳು.

“ತುಂಬ ನೀರು ಕುಡಿ, ಬಂದ ಕೂಡ್ಲೆ ಹೋಗು, ಕಟ್ಟಿಕೊಳ್ಳಬೇಡ ಅಂದ್ರು. ಇನ್ನು ಹೀಗೇ ಮಾಡಿದ್ರೆ ಕಿಡ್ನಿಗೆ ಬರ್ತದಂತೆ.” ಶರೊನ್ ನಗಲಿಕ್ಕೆ ನೋಡಿದಳು. “ನಾನು ರೈಲ್ವೆ ಟಾಯ್ಲೆಟ್ ಕ್ಲೀನ್ ಮಾಡುವವಳು ಡಾಕ್ಟ್ರೇ ಅಂದೆ. ಮತ್ತೆಂತ ತೊಂದರೆ ನಿಂಗೆ, ಅಷ್ಟು ಟಾಯ್ಲೆಟ್ ಉಂಟಲ್ಲ ಅಂದ್ರು.”

ಅಂದಿನಿಂದ ಝಹ್ರಾ ಒಂದು ಕ್ರಮ ಮಾಡಿದಳು. ಯಾರ್ಡಿನ ತುದಿಯಲ್ಲಿ ಓಡದೆ ನಿಂತ ಒಂದು ಗೂಡ್ಸ್ ಡಬ್ಬಿ. ಅದರ ಮರೆಯಲ್ಲಿ ಇಬ್ಬರು ಶಾಲು ಅಡ್ಡ ಹಿಡಿಯುವುದು, ಒಬ್ಬಳು ಕೂರುವುದು. ಝಹ್ರಾಳ ನೀಲಿ ಶಾಲು ಎಲ್ಲರದ್ದಕ್ಕಿಂತ ಅಗಲ. ಅವಳು ಆಕಾಶ ನೋಡಿಕೊಂಡು ಹಿಡಿಯುವಳು. ಶರೊನ್ ಕೂತುಕೊಂಡೇ “ಝಹ್ರಾಕ್ಕ, ಪಟ್ಟಿ ಅಂಟಿಸ್ಲಾ?” ಎನ್ನುವಳು.

ಪಕ್ಕದ ಹಳಿಯಲ್ಲಿ ನಿಧಾನಕ್ಕೆ ಹೋಗುತ್ತಿದ್ದ ಒಂದು ರೈಲಿನ ಕಿಟಕಿಯಿಂದ ಯಾರೋ ಒಬ್ಬ ಅತಿಥಿ ಫೋಟೋ ತೆಗೆದ.

ಮರುದಿನ ಚೈತಾಲಿ ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲು ಎತ್ತಿ ಹಿಡಿದಳು. ನೀಲಿ ಶಾಲು. ಎರಡು ಗುಲಾಬಿ ಕೋಟು. ಶಾಲಿನ ಕೆಳಗೆ ಎರಡು ಪಾದ. ಮುಖ ಕಾಣುತ್ತಿರಲಿಲ್ಲ.

“ಇದು ಯಾರು?”

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಪಾದ ಹಿಂದಕ್ಕೆ ಎಳೆದುಕೊಂಡರು.

“ಇದು ನಮ್ಮ ಬ್ರಾಂಡ್, ಗೊತ್ತಾ? ಇಡೀ ದೇಶ ನೋಡಿದೆ. ನಮ್ಮ ಕೋಟು ಹಾಕಿಕೊಂಡು ಬಯಲಲ್ಲಿ! ನಿಮಗೆ ನಾಚಿಕೆ ಆಗುವುದಿಲ್ವಾ? ಎಲ್ಲರೂ ಬಲಗೈ ಮುಂದೆ ಚಾಚಿ.”

ಚಾಚಿದರು. ಅವಳು ಹೇಳಿಕೊಟ್ಟಳು, ಇವರು ಹೇಳಿದರು. ನಾನು ಶುಚಿಯಾಗಿರುತ್ತೇನೆ. ನನ್ನ ಪರಿಸರವನ್ನು ಶುಚಿಯಾಗಿಡುತ್ತೇನೆ. ಬಯಲನ್ನು ಹೊಲಸು ಮಾಡುವುದಿಲ್ಲ. ಊರಿನ ಹೊಲಸನ್ನೆಲ್ಲ ಆಗಷ್ಟೇ ತೊಳೆದು ಬಂದ ಕೈಗಳು. ಗ್ಲೌಸಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಪಿಯುಸ್ ಕೂಡ ಕೈ ಚಾಚಿದ್ದ. ಅವನಿಗೆ ಕೈ ಚಾಚು ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಆ ಫೋಟೋ ಜಗಲಿಗೆ ಬಂತು. ಇಲ್ಯಾಸನ ಫೋನಿನಲ್ಲಿ ಕುಟುಂಬದ ಗ್ರೂಪಿನಿಂದ. ಅಬುಧಾಬಿಯ ತಮ್ಮನೇ ಹಾಕಿದ್ದ.

“ನೋಡಿ ಪೊರ್ಬುಗಳೇ, ಎಂಥ ನಾಚಿಕೆಗೆಟ್ಟ ಹೆಂಗಸರು! ಕಂಪೆನಿ ಅಷ್ಟು ಚಂದ ಮಾಡಿ ಇಟ್ರೆ ಇವರು ಹೀಗೆ. ಕೆಲಸದವರನ್ನು ಬದಲಾಯಿಸ್ಬೇಕು, ಆಗ ಸರಿಯಾಗ್ತದೆ.”

“ಸರಕಾರ ಇದ್ದಿದ್ರೆ ಹೀಗೆ ಆಗ್ತಿರ್ಲಿಲ್ಲ,” ಎಂದರು ಝೇವಿಯರ್ ಕನ್ನಡಕ ಏರಿಸಿ. “ನಮ್ಮ ಕಾಲದಲ್ಲಿ ಒಂದು ಶಿಸ್ತು ಇತ್ತು.”

“ಕೊಡಿ ಇಲ್ಲಿ,” ಎಂದು ಝಹ್ರಾ ಫೋನು ತೆಗೆದುಕೊಂಡು ನೋಡಿದಳು. ನೋಡಿ ವಾಪಸು ಕೊಟ್ಟಳು. “ಆ ಶಾಲು ನಂದು.”

ಝೇವಿಯರ್ ಚಹಾದ ಲೋಟ ಬಾಯಿಯ ಹತ್ತಿರ ಹಿಡಿದವರು ಹಾಗೆಯೇ ಉಳಿದರು.

“ನಂದೇ. ನೀವು ಊಟ ಬಡಿಸ್ಬಹುದು ಅಂದ್ರಲ್ಲ, ಆ ಟಾಯ್ಲೆಟ್ ಉಜ್ಜಿದ್ದೂ ನಾನೇ. ನಿಮ್ಮ ಕಾಲದ ಶಿಸ್ತಿನ ಟಾಯ್ಲೆಟ್ ಉಂಟಲ್ಲ ಪೊರ್ಬುಗಳೇ, ಅದನ್ನೂ ನಮ್ಮ ಹಾಗಿನವಳು ಯಾರೋ ಉಜ್ಜಿರ್ಬೇಕು. ಅವಳು ಎಲ್ಲಿಗೆ ಹೋಗ್ತಿದ್ಳು ಅಂತ ನಿಮಗೆ ನೆನಪುಂಟಾ?”

ಝೇವಿಯರ್ ನೆನಪು ಮಾಡಲಿಕ್ಕೆ ಪ್ರಾಮಾಣಿಕವಾಗಿ ನೋಡಿದರು. ಇಪ್ಪತ್ತು ವರ್ಷ ಆ ಡಬ್ಬಿಯಲ್ಲಿ ನಿಂತವರು. ಒಂದು ಮುಖವೂ ನೆನಪಿಗೆ ಬರಲಿಲ್ಲ. ಲೋಟ ಕೆಳಗಿಟ್ಟು, “ನಾನು ಬರ್ತೇನೆ” ಎಂದು ಎದ್ದು ಹೋದರು.

ಗೇಟು ಹಾಕಿದ ಸದ್ದಾದ ಮೇಲೆ ಇಲ್ಯಾಸ್ ಬಾಯಿ ಬಿಟ್ಟ. “ಅವರ ಎದುರಿಗೇ ಹೇಳ್ಬೇಕಿತ್ತಾ?”

“ಹೇಳಿದ್ರೆ ಎಂತ?”

“ನಿಂಗೆ ಸ್ವಲ್ಪ ತಡ್ಕೊಳ್ಳಿಕ್ಕೆ ಆಗ್ಲಿಲ್ವಾ?”

ಝಹ್ರಾ ಪೊರ್ಬುಗಳ ಲೋಟ ಎತ್ತಿಕೊಂಡು ಒಳಗೆ ಹೋದಳು. ಸರಕಾರ, ಕಂಪೆನಿ, ಕಂಟ್ರಾಕ್ಟರ್, ಗಂಡ. ನಾಲ್ಕು ಬಾಯಿ, ಒಂದೇ ಮಾತು.

ಆ ಮೇಲೆ ಬಂದದ್ದು ಹೊಸ ರೈಲು. ಪೂರ್ತಿಯಾಗಿ ಕಂಪೆನಿಯೇ ಓಡಿಸುವ ಮೊದಲ ರೈಲು. ಅದರ ಉದ್ಘಾಟನೆಗೆ ಪ್ಲಾಟ್‌ಫಾರಮ್ಮಿನಲ್ಲಿ ಶಾಮಿಯಾನ, ಚೆಂಡೆ, ಬಾಳೆ, ಮಲ್ಲಿಗೆ. ಕಂಪೆನಿಯ ಮುಖ್ಯಸ್ಥರೇ ಬರುವವರಿದ್ದರು. ಹೆಂಗಸರನ್ನು ಬೆಳಕು ಹರಿಯುವ ಮೊದಲೇ ಕರೆಸಿ, ಡಬ್ಬಿಗಳನ್ನೆಲ್ಲ ಉಜ್ಜಿಸಿ, ಹೊಸ ಕೋಟು ಕೊಟ್ಟು, ತಲೆಗೆ ಮಲ್ಲಿಗೆ ಮುಡಿಸಿ ನಿಲ್ಲಿಸಿದರು. ಶರೊನಳನ್ನೂ. ಜ್ವರ ಬಿಟ್ಟಿರಲಿಲ್ಲ; ಬಾರದಿದ್ದರೆ ಇನ್ನು ಬರುವುದೇ ಬೇಡ ಎಂದಿದ್ದರು.

“ಝಹ್ರಾ, ನಿಮಗೆ ಸ್ಪೆಷಲ್ ಡ್ಯೂಟಿ,” ಎಂದಳು ಚೈತಾಲಿ. ಮೊದಲ ಡಬ್ಬಿಯ ಟಾಯ್ಲೆಟ್ ಒಂದು ನೋಡುವ ಹಾಗಿತ್ತು. ಗೋಡೆಯಲ್ಲಿ ಹೂವಿನ ಚಿತ್ರ, ಗುಲಾಬಿಯ ಪರಿಮಳ, ಕೈ ಒಡ್ಡಿದರೆ ತಾನಾಗಿ ಬರುವ ನೀರು. ಬಾಗಿಲಿಗೆ ರೇಷ್ಮೆ ರಿಬ್ಬನ್ನು. ಮುಖ್ಯಸ್ಥರು ಮೊದಲು ನೋಡುವುದು ಇದನ್ನೇ. “ನೀವು ಇಲ್ಲಿ ನಿಲ್ಲಬೇಕು. ಅವರು ಬಂದಾಗ ಬಾಗಿಲು ತೆರೆದು, ಕೈ ಹೀಗೆ ಮಾಡಿ, ‘ಸುಸ್ವಾಗತ’ ಅನ್ನಬೇಕು. ನಗ್ತಾ. ಒಮ್ಮೆ ಹೇಳಿ ನೋಡುವಾ.”

“ಸುಸ್ವಾಗತ.”

“ಹಲ್ಲು ಕಾಣ್ಲಿ.”

“ಸುಸ್ವಾಗತ.”

“ಗುಡ್. ಇಲ್ಲಿಂದ ಅಲ್ಲಾಡಬಾರದು.”

ಝಹ್ರಾ ಅಲ್ಲಾಡಲಿಲ್ಲ. ಬಿಸಿಲು ಏರಿತು. ಹೊರಗೆ ಭಾಷಣ ಶುರುವಾಯಿತು. ಸರಕಾರ ವ್ಯಾಪಾರ ಮಾಡುವುದೇಕೆ ಎಂದು ಒಬ್ಬರು ಕೇಳಿದರು. ಇಲಾಖೆಯ ಸಾಹೇಬರೇ ಚಪ್ಪಾಳೆ ತಟ್ಟಿದರು. ಅತಿಥಿಗಳಿಗೆ ಬೊಂಡ ಕೆತ್ತಿ ಎಳನೀರು ಕೊಟ್ಟರು. ಕಿಟಕಿಯಿಂದ ಝಹ್ರಾಳಿಗೆ ಎಲ್ಲ ಕಾಣುತ್ತಿತ್ತು. ಮುಖ್ಯಸ್ಥರು ಒಂದು ಬೊಂಡ ಮುಗಿಸಿ ಇನ್ನೊಂದು ತೆಗೆದುಕೊಂಡರು. ಶಾಮಿಯಾನದ ಬದಿಯಲ್ಲಿ ಶರೊನ್ ನೀಲವ್ವನ ತೋಳು ಹಿಡಿದು ನಿಂತಿದ್ದಳು. ಅವಳ ತುಟಿ ಬಿಳಿಚಿತ್ತು. ಕಾಲಿಗೆ ಕಾಲು ತಿರುಚಿ ನಿಂತಿದ್ದಳು. ಹಲ್ಲು ಮಾತ್ರ ಕಾಣುತ್ತಿತ್ತು, ಹಾಗೆ ಹೇಳಿಕೊಟ್ಟಿದ್ದರಲ್ಲ.

ಝಹ್ರಾಳ ಕಿಬ್ಬೊಟ್ಟೆ ಕಲ್ಲಾಗಿತ್ತು. ಉಸಿರು ತೆಗೆದರೂ ನೋವು. ಬೆನ್ನ ಹಿಂದೆ ಬಾಗಿಲು. ಬಾಗಿಲ ಹಿಂದೆ ಅವಳೇ ಉಜ್ಜಿಟ್ಟ ಜಾಗ. ಭಾಷಣ ಮುಗಿಯುವ ಲಕ್ಷಣ ಇರಲಿಲ್ಲ. ಒಂದು ಹನಿ ಜಾರಿತು. ತೊಡೆಯ ಒಳಗಿನಿಂದ ಬಿಸಿಯಾಗಿ ಮೊಣಕಾಲಿನ ತನಕ ಬಂತು. ಮೂರು ಮಕ್ಕಳನ್ನು ಹೆತ್ತವಳು. ಮಲ್ಲಿಗೆ ಮುಡಿದು, ಹಲ್ಲು ಬಿಟ್ಟು, ಟಾಯ್ಲೆಟ್ಟಿನ ಬಾಗಿಲಲ್ಲಿ ನಿಂತು, ಬಟ್ಟೆಯಲ್ಲಿ.

ಅಷ್ಟೇ. ಮುಂದಿನದ್ದನ್ನು ಅವಳು ಯೋಚಿಸಿ ಮಾಡಿದ್ದಲ್ಲ. ಬಾಗಿಲ ಕಡೆ ತಿರುಗಿದಳು. ರಿಬ್ಬನ್ನು ಎಳೆದಳು. ಬಾಗಿಲು ತೆರೆದಳು. ಕೈಯನ್ನು ಹೇಳಿಕೊಟ್ಟ ಹಾಗೆಯೇ ಮಾಡಿದಳು.

“ಸುಸ್ವಾಗತ,” ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು.

ಪಟ್ಟಿ ಹರಿದಳು. ಕೂತಳು. ಆ ಡಬ್ಬಿಗಳಲ್ಲಿ ಮಂಡಿಯೂರಿದ್ದಳು, ಬಗ್ಗಿದ್ದಳು. ಕೂತದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಅದೂ ನಿಲ್ಲಲಿಲ್ಲ, ಇದೂ ನಿಲ್ಲಲಿಲ್ಲ.

ಬಾಗಿಲು ಬಡಿಯಿತು. ಪಿಯುಸ್.

“ಝಹ್ರಾಕ್ಕ! ಒಳಗೆ ಎಂತ ಮಾಡ್ತಾ ಇದ್ದೀರಿ?”

“ಇದರ ಒಳಗೆ ಎಂತ ಮಾಡ್ತಾರೆ ಪೊರ್ಬುಗಳೇ? ನಿಮಗೆ ಗೊತ್ತಿಲ್ವಾ?”

“ದಮ್ಮಯ್ಯ, ಹೊರಗೆ ಬನ್ನಿ. ಅವರು ಎದ್ದರು. ಈಗ ಬರ್ತಾರೆ. ನನ್ನ ಕೆಲಸ ಹೋಗ್ತದೆ!”

“ನಂದು ಇನ್ನೂ ಮುಗೀಲಿಲ್ಲ.”

ಅವಳು ಅವಸರ ಮಾಡಲಿಲ್ಲ. ಕೈ ಒಡ್ಡಿದಳು, ನೀರು ತಾನಾಗಿ ಬಂತು. ಅದಕ್ಕೆ ಅವಳು ಪರ್ಮನೆಂಟೋ ಕಂಟ್ರಾಕ್ಟೋ ಗೊತ್ತಿರಲಿಲ್ಲ. ಮುಖ ತೊಳೆದು ಬಾಗಿಲು ತೆರೆದಾಗ ಪಿಯುಸ್, ಅವನ ಹಿಂದೆ ಚೈತಾಲಿ. ಝಹ್ರಾ ಇಬ್ಬರನ್ನೂ ದಾಟಿ ಡಬ್ಬಿಯ ಮೆಟ್ಟಿಲಿಗೆ ಬಂದು ಶಾಮಿಯಾನದ ಕಡೆ ಕೂಗಿದಳು. ಮಾರ್ಕೆಟ್ಟಿನಲ್ಲಿ ಕೂಗುವ ಹಾಗೆ.

“ಏ ಶರೊನ್! ಬಾ ಮಾರಾಯ್ತಿ, ಇಲ್ಲಿ ಖಾಲಿ ಉಂಟು! ನೀಲವ್ವಾ, ಎಲ್ಲರನ್ನೂ ಕರ್ಕೊಂಡು ಬಾ!”

ಚೆಂಡೆ ನಿಂತಿತು. ಗುಲಾಬಿ ಕೋಟುಗಳು ಒಂದು ಕ್ಷಣ ಒಂದನ್ನೊಂದು ನೋಡಿದವು. ಮೊದಲು ಶರೊನ್ ಹೊರಟಳು, ಓಡಲಾರದೆ ಓಡುತ್ತ. ಅವಳ ಹಿಂದೆ ನೀಲವ್ವ. ಆಮೇಲೆ ಉಳಿದವರು. ಸೆಕ್ಯುರಿಟಿಯವನು ಅಡ್ಡ ಬಂದ. “ಸರ್ಯೋ ತಮ್ಮಾ, ಇಲ್ಲಾಂದ್ರ ನಿನ್ನ ಬೂಟಿನ ಮ್ಯಾಲ ಆಕ್ಕೈತಿ,” ಎಂದಳು ನೀಲವ್ವ. ಅವನು ಬೂಟು ನೋಡಿಕೊಂಡು ಸರಿದ. ಟಿವಿಯವರು ಕ್ಯಾಮೆರಾ ತಿರುಗಿಸಿಯಾಗಿತ್ತು. ಕ್ಯಾಮೆರಾದ ಎದುರು ಹೆಂಗಸರ ಮೈಮೇಲೆ ಕೈ ಹಾಕುವುದು ಬ್ರಾಂಡಿಗೆ ಒಳ್ಳೆಯದಲ್ಲ.

ಶರೊನ್ ಒಳಗೆ ಹೋಗಿ ಚಿಲಕ ಹಾಕಿದಳು. ಡಬ್ಬಿಯ ಓಣಿಯಲ್ಲಿ ಸಾಲು ನಿಂತಿತು. ಒಬ್ಬರೂ ನೂಕಲಿಲ್ಲ.

“ನಾಳೆಯಿಂದ ನೀವು ಬರುವುದು ಬೇಡ,” ಎಂದಳು ಚೈತಾಲಿ. “ಯಾರೂ ಬೇಡ. ಒಬ್ಬರೂ ಬೇಡ.”

“ಆಯ್ತು ಮೇಡಂ. ನಾಳೆದು ನಾಳೆ,” ಎಂದಳು ಝಹ್ರಾ. ಅವಳಿಗೆ ಗೊತ್ತಿತ್ತು, ನಾಳೆ ಬೇರೆ ಹೆಂಗಸರು ಬರುತ್ತಾರೆ, ಇದೇ ಕೋಟಿಗೆ. ಈ ತಿಂಗಳ ಅಕ್ಕಿ ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಈಗ ಬಾಗಿಲು ಬಡೀಬೇಡಿ. ಒಳಗೆ ಜನ ಉಂಟು.”

ಆಗ ಮುಖ್ಯಸ್ಥರು ಬಂದರು. ಉದ್ಘಾಟನೆಗಲ್ಲ ಎಂಬುದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಎರಡು ಬೊಂಡ, ಒಂದು ಕಾಫಿ, ಮೂರು ಭಾಷಣ. ಪ್ಲಾಟ್‌ಫಾರಮ್ಮಿನ ಪಾಯಿಖಾನೆ ಆಚೆ ತುದಿಯಲ್ಲಿ, ಉಳಿದ ಡಬ್ಬಿಗಳಿಗೆ ನಿಶಾನೆ ತೋರಿಸುವ ತನಕ ಬೀಗ. ಅದೂ ಕಂಪೆನಿಯದೇ ನಿಯಮ. ಅವರು ಚೈತಾಲಿಯನ್ನು ನೋಡಿದರು, ಸಾಲನ್ನು ನೋಡಿದರು, ಬಾಗಿಲಲ್ಲಿ ನಿಂತವಳನ್ನು ನೋಡಿದರು.

“ಸ್ವಲ್ಪ ಅರ್ಜೆಂಟ್ ಇತ್ತು,” ಎಂದರು ಮೆಲ್ಲಗೆ.

ಝಹ್ರಾಳಿಗೆ ಬೈಯಬೇಕೆಂದಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಆ ಮುಖ ಅವಳಿಗೆ ಚೆನ್ನಾಗಿ ಗುರುತಿತ್ತು. ದಿನಾ ಯಾರ್ಡಿನಲ್ಲಿ ತಡೆದುಕೊಂಡು ನಿಂತವರಲ್ಲಿ ನೋಡಿದ ಮುಖ ಅದು.

“ಗೊತ್ತಾಗ್ತದೆ ಸಾರ್,” ಎಂದಳು. “ಲೈನು ಅಲ್ಲಿಂದ. ಆ ಗುಲಾಬಿ ಕೋಟಿನ ಹಿಂದೆ.”

ಅವರು ಹೋಗಿ ನಿಂತರು. ಒಳಗಿನಿಂದ ನೀರು ಬಿಟ್ಟ ಸದ್ದು ಕೇಳಿತು. ಚಿಲಕ ತೆಗೆದು ಶರೊನ್ ಹೊರಗೆ ಬಂದಳು, ನೀಲವ್ವ ಒಳಗೆ ಹೋದಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.